ಚಳಿಗಾಲದ ಅತಿಥಿಗಳ ಹಾಜರಿ ಪುಸ್ತಕ

ಜನವರಿಯ ಮುಂಜಾನೆ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಆಸುಪಾಸಿನ ಗದ್ದೆಗಳಲ್ಲಿ ಬೇಸಿಗೆ ಬೆಳೆಯ ನಾಟಿಗೆ ಸಿದ್ಧತೆ ನಡೆದಿರುತ್ತದೆ. ಭದ್ರಾ ನಾಲೆಯ ನೀರು ನಿಂತ ಮಡಿಗಳಲ್ಲಿ ಟ್ರ್ಯಾಕ್ಟರ್ ಕೆಸರು ಮಾಡುತ್ತ ಹೊರಟರೆ ಅದರ ಬೆನ್ನಿಗೇ ಬೆಳ್ಳಕ್ಕಿಗಳ ದಂಡು. ಬೆಳ್ಳಕ್ಕಿ ಊರಿನದೇ ಹಕ್ಕಿ. ವರ್ಷವಿಡೀ ಇಲ್ಲಿಯೇ ಇರುತ್ತದೆ. ಆದರೆ ಬದುವಿನ ಮೇಲೆ ಬಾಲ ಕುಣಿಸುತ್ತ ಓಡಾಡುವ ಹಳದಿ ಸಿಪಿಲೆ, ಮಡಿಯ ಅಂಚಿನಲ್ಲಿ ಮೈ ಕುಲುಕುತ್ತ ಹುಳು ಹೆಕ್ಕುವ ಗದ್ದೆಗೊರವ ಇಲ್ಲಿಯವಲ್ಲ. ಅವು ಹುಟ್ಟಿದ್ದು ಮಧ್ಯ ಏಷ್ಯಾದಲ್ಲೋ ಸೈಬೀರಿಯಾದ ಜೌಗು ನೆಲದಲ್ಲೋ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದವು, ಬಿಸಿಲು ಬಲಿಯುವ ಹೊತ್ತಿಗೆ ಹೊರಟು ಹೋಗುತ್ತವೆ.

ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಈ ಹಕ್ಕಿಗಳು ಅಪರಿಚಿತವೇನಲ್ಲ. ‘ಚಳಿ ಬಂತು, ಇವೂ ಬಂದವು’ ಎನ್ನುವಷ್ಟು ಸಲಿಗೆಯಿದೆ. ಆದರೆ ಇವು ಎಂದಿನಿಂದ ಬರುತ್ತಿವೆ, ಅಜ್ಜನ ಕಾಲದಲ್ಲೂ ಇಷ್ಟೇ ಬರುತ್ತಿದ್ದವೇ, ಆಗ ಬರುತ್ತಿದ್ದ ಯಾವ ಹಕ್ಕಿ ಈಗ ಬರುತ್ತಿಲ್ಲ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಊರಿನ ಜಮೀನಿಗೆ ಪಹಣಿಯಿದೆ, ದೇವಸ್ಥಾನಕ್ಕೆ ಶಾಸನವಿದೆ, ಶಾಲೆಯ ಮಕ್ಕಳಿಗೆ ಹಾಜರಿ ಪುಸ್ತಕವಿದೆ. ಪ್ರತಿವರ್ಷ ಸಾವಿರಾರು ಮೈಲಿ ದಾಟಿ ಬರುವ ಈ ಅತಿಥಿಗಳ ಹಾಜರಿಯನ್ನು ಬರೆದಿಟ್ಟವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಹಕ್ಕಿಗಳ ಕಥೆಯೊಂದಿಗೆ ಈ ನೆಲದ ನೀರಿನ ಕಥೆಯೂ ತೆರೆದುಕೊಳ್ಳುತ್ತದೆ.

ಹಂಸದ ಹಾದಿ

ಹಕ್ಕಿಗಳು ಋತುವಿಗೆ ತಕ್ಕಂತೆ ಊರು ಬದಲಿಸುತ್ತವೆ ಎಂಬುದು ನಮ್ಮ ಪ್ರಾಚೀನರಿಗೆ ತಿಳಿದಿತ್ತು. ಮಳೆಗಾಲ ಬಂತೆಂದರೆ ಹಂಸಗಳು ಮಾನಸ ಸರೋವರಕ್ಕೆ ಹೊರಡುತ್ತವೆ ಎಂಬುದು ಸಂಸ್ಕೃತ ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಕಾಳಿದಾಸನ ‘ಮೇಘದೂತ’ದಲ್ಲಿ ಮೋಡದ ಜೊತೆಗೆ ಕೈಲಾಸದ ಕಡೆಗೆ ಹಾರುವ ರಾಜಹಂಸಗಳಿವೆ, ಹಿಮಾಲಯವನ್ನು ದಾಟಲು ಅವು ಬಳಸುವ ಕಣಿವೆಯ ಬಾಗಿಲೂ ಇದೆ. ನಮ್ಮ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆ, ಮಕರಗಳ ಸಾಲಿನೊಂದಿಗೆ ಹಂಸಗಳ ಸಾಲೂ ಇದೆ.

ಈ ಹಂಸ ಯಾವ ಹಕ್ಕಿ? ಭಾರತೀಯ ಸಾಹಿತ್ಯ ಹಾಗೂ ಕಲೆಯಲ್ಲಿ ಹಂಸದ ಬಗ್ಗೆ ಬರೆದ, 1962ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಡಚ್ ವಿದ್ವಾಂಸ ವೋಗೆಲ್, ಅದು ಕವಿಕಲ್ಪನೆಯ ಬಿಳಿಯ ಹಕ್ಕಿಯಾಗಿರದೆ ಹೆಬ್ಬಾತು ಎಂದು ವಾದಿಸಿದರು. ಭಾರತಕ್ಕೆ ಚಳಿಗಾಲದಲ್ಲಿ ಬರುವ ಹೆಬ್ಬಾತುಗಳಲ್ಲಿ ಪಟ್ಟೆತಲೆ ಹೆಬ್ಬಾತು ಮುಖ್ಯವಾದುದು. ಬೂದು ಮೈ, ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಟಿಬೆಟ್, ಮಂಗೋಲಿಯಾದ ಸರೋವರಗಳ ದಡದಲ್ಲಿ ಮರಿ ಮಾಡುವ ಇದು ಹಿಮಾಲಯ ದಾಟಿ ಬರುತ್ತದೆ. ಅದರ ರಕ್ತದಲ್ಲಿರುವ ಹಿಮೋಗ್ಲೋಬಿನ್ ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳಬಲ್ಲದು. ಬೆನ್ನಿಗೆ ಉಪಗ್ರಹ ಸಂಪರ್ಕದ ಪುಟ್ಟ ಯಂತ್ರ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ ಈ ಬಾತುಗಳು 7,200 ಮೀಟರಿಗೂ ಎತ್ತರಕ್ಕೆ ಏರಿದ್ದು ದಾಖಲಾಗಿದೆ. ಕವಿ ಹೇಳಿದ ಹಾದಿಗೂ ವಿಜ್ಞಾನಿ ಗುರುತಿಸಿದ ಹಾದಿಗೂ ಹೆಚ್ಚು ಅಂತರವಿಲ್ಲ ಎಂಬುದು ಸೋಜಿಗ.

ಹಾಗಿದ್ದರೂ ಕಾವ್ಯದಿಂದ ಹಾದಿ ತಿಳಿಯಬಹುದೇ ಹೊರತು ಲೆಕ್ಕ ತಿಳಿಯುವುದಿಲ್ಲ. ಯಾವ ಕೆರೆಗೆ, ಯಾವ ತಿಂಗಳು, ಎಷ್ಟು ಹಕ್ಕಿಗಳು ಬಂದವು ಎಂಬ ಪುರಾವೆಗೆ ಬೇರೆಯೇ ಬಗೆಯ ಬರವಣಿಗೆ ಬೇಕಾಯಿತು.

ಬಾಣ, ಉಂಗುರ, ಕೊರಳಪಟ್ಟಿ

ಯುರೋಪಿನಲ್ಲಿ ಬಹುಕಾಲ ಜನ ಚಳಿಗಾಲದಲ್ಲಿ ಮಾಯವಾಗುವ ಹಕ್ಕಿಗಳು ಕೆರೆಯ ಕೆಸರಿನಲ್ಲಿ ಹುದುಗಿ ನಿದ್ರಿಸುತ್ತವೆ ಎಂದೂ ನಂಬಿದ್ದರು. 1822ರಲ್ಲಿ ಜರ್ಮನಿಯ ಹಳ್ಳಿಯೊಂದರ ಬಳಿ ಬೇಟೆಗೆ ಸಿಕ್ಕ ಕೊಕ್ಕರೆಯ ಕುತ್ತಿಗೆಯಲ್ಲಿ ಆಫ್ರಿಕಾದ ಬಾಣವೊಂದು ನಾಟಿಕೊಂಡಿತ್ತು. ಬಾಣದೊಂದಿಗೇ ಅದು ಅಷ್ಟು ದೂರ ಹಾರಿ ಬಂದಿತ್ತು! ಹಕ್ಕಿಗಳು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು.

ಸಾಕ್ಷಿಗಾಗಿ ಬಾಣವನ್ನೇ ನೆಚ್ಚಿಕೊಂಡಿರಲು ಆಗುವುದಿಲ್ಲವಷ್ಟೆ. 1899ರಲ್ಲಿ ಡೆನ್ಮಾರ್ಕಿನ ಶಾಲಾ ಶಿಕ್ಷಕ ಮಾರ್ಟೆನ್‌ಸೆನ್ ಹಕ್ಕಿಗಳ ಕಾಲಿಗೆ ಸಂಖ್ಯೆ, ವಿಳಾಸ ಕೊರೆದ ಹಗುರ ಉಂಗುರ ತೊಡಿಸಿ ಬಿಡತೊಡಗಿದ. ಈ ಉಪಾಯ ಬೇಗನೆ ಹಬ್ಬಿತು. ಇಂಗ್ಲೆಂಡಿನಲ್ಲಿ 1911ರಲ್ಲಿ ಉಂಗುರ ತೊಡಿಸಿದ ಕವಲುತೋಕೆ ಹಕ್ಕಿಯೊಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಸಿಕ್ಕಿತು. ಭಾರತದಲ್ಲಿ ಈ ಕೆಲಸಕ್ಕೆ ದೊಡ್ಡ ಪ್ರಮಾಣದಲ್ಲಿ ಕೈಹಾಕಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಹಕ್ಕಿಗಳ ಮೂಲಕ ರೋಗಾಣುಗಳು ಖಂಡ ದಾಟುತ್ತವೆಯೇ ಎಂದು ತಿಳಿಯಲು ಹೊರಟಿದ್ದ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ 1959ರಲ್ಲಿ ಡಾ. ಸಲೀಂ ಅಲಿ ಅವರ ನೇತೃತ್ವದಲ್ಲಿ ವಲಸೆ ಅಧ್ಯಯನ ಆರಂಭವಾಯಿತು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೈಬೀರಿಯಾದಲ್ಲಿ ದೊರೆತವು.

ಇತ್ತೀಚಿನ ವರ್ಷಗಳಲ್ಲಿ ಮಂಗೋಲಿಯಾದ ವಿಜ್ಞಾನಿಗಳು ಹೆಬ್ಬಾತುಗಳ ಕೊರಳಿಗೆ ದೂರದಿಂದಲೇ ಓದಬಹುದಾದ ಅಕ್ಷರ, ಅಂಕಿಯ ಪಟ್ಟಿ ಹಾಕುತ್ತಿದ್ದಾರೆ. ಅಂಥ ಪಟ್ಟಿ ತೊಟ್ಟ ಹೆಬ್ಬಾತುಗಳನ್ನು ಮೈಸೂರಿನ ಸಮೀಪದ ಹದಿನಾರು ಕೆರೆಯಲ್ಲಿ ಪಕ್ಷಿವೀಕ್ಷಕರು ಗುರುತಿಸಿದರು. ದುರ್ಬೀನು ಹಿಡಿದು ಕೆರೆಯ ಏರಿಯ ಮೇಲೆ ಕುಳಿತ ಒಬ್ಬರು ಓದಿ ಬರೆದುಕೊಂಡ ಆ ಎರಡು ಮೂರು ಅಕ್ಷರಗಳು ಮಂಗೋಲಿಯಾದ ಸರೋವರಕ್ಕೂ ಕನ್ನಡ ನಾಡಿನ ಹಳ್ಳಿಯ ಕೆರೆಗೂ ನಂಟು ಬೆಸೆದವು.

ಒಂದು ಹೊಳೆ, ಎರಡು ಪುಸ್ತಕ

ಇನ್ನು ಹರಿಹರದ ಕಡೆಗೆ ಬರೋಣ. ಇಂದು ದಾವಣಗೆರೆ, ಹಾವೇರಿ ಜಿಲ್ಲೆಗಳ ನಡುವೆ ಹರಿಯುವ ತುಂಗಭದ್ರೆ ಬ್ರಿಟಿಷರ ಕಾಲದಲ್ಲಿ ಎರಡು ಆಡಳಿತಗಳ ಗಡಿಯಾಗಿತ್ತು. ದಕ್ಷಿಣ ದಂಡೆಯ ಹರಿಹರ ಮೈಸೂರು ಸಂಸ್ಥಾನಕ್ಕೆ ಸೇರಿದರೆ ಎದುರು ದಂಡೆಯ ರಾಣೆಬೆನ್ನೂರು ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಕ್ಕಿಗೆ ಈ ಗಡಿ ತಿಳಿಯದು. ಆದರೆ ಹಕ್ಕಿಯ ಲೆಕ್ಕ ಬರೆದವರಿಗೆ ತಿಳಿದಿತ್ತು. ಹೀಗಾಗಿ ಒಂದೇ ಹೊಳೆಯ ಎರಡು ದಂಡೆಗಳ ಹಕ್ಕಿಗಳು ಬೇರೆ ಬೇರೆ ಪುಸ್ತಕಗಳಿಗೆ ಸೇರಿಹೋದವು.

ಉತ್ತರ ದಂಡೆಯ ಲೆಕ್ಕ ಮೊದಲು ಶುರುವಾಯಿತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಶಾಸನಗಳನ್ನು ಸಂಗ್ರಹಿಸಿದಂತೆಯೇ ಪ್ರಾಣಿ ಪಕ್ಷಿಗಳ ಟಿಪ್ಪಣಿಯನ್ನೂ ಮಾಡಿಕೊಂಡರು. ಅವರ ಟಿಪ್ಪಣಿಗಳು ಸೇನೆಯ ವೈದ್ಯ ಜೆರ್ಡನ್ ಅವರಿಗೆ ನೆರವಾದವು. 1862ರಿಂದ 64ರವರೆಗೆ ಪ್ರಕಟವಾದ ಜೆರ್ಡನ್ ಅವರ ‘ಭಾರತದ ಹಕ್ಕಿಗಳು’ ಆ ಕಾಲದ ಪ್ರಮಾಣಗ್ರಂಥ. ಮುಂದೆ ಎ.ಓ. ಹ್ಯೂಮ್ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯಲ್ಲಿ ಬಟ್ಲರ್ ಎಂಬ ಸೇನಾಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯನ್ನು ಪ್ರಕಟಿಸಿದರು. 1885ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಹ್ಯೂಮ್ ಇವರೇ ಎಂಬುದು ಹಲವರಿಗೆ ತಿಳಿಯದ ಸಂಗತಿ.

ಮೈಸೂರು ಸೀಮೆಯ ವ್ಯವಸ್ಥಿತ ಲೆಕ್ಕಕ್ಕೆ 1939ರವರೆಗೆ ಕಾಯಬೇಕಾಯಿತು. ಆ ವರ್ಷದ ಕೊನೆಗೆ ಆರಂಭವಾಗಿ 1940ರ ಮೊದಲ ತಿಂಗಳುಗಳವರೆಗೆ ಸಲೀಂ ಅಲಿ ಸಂಸ್ಥಾನದಲ್ಲಿ ಪಕ್ಷಿ ಸಮೀಕ್ಷೆ ನಡೆಸಿದರು. ಚಳಿಗಾಲದಲ್ಲೇ ನಡೆದ ಸಮೀಕ್ಷೆಯಾದ್ದರಿಂದ ವಲಸೆ ಹಕ್ಕಿಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸುವಂತೆ ಅವರು ಸಂಸ್ಥಾನದ ಮನವೊಲಿಸಿದ್ದು ಈ ಓಡಾಟದ ದಿನಗಳಲ್ಲಿಯೇ. 1940ರಲ್ಲಿ ಘೋಷಣೆಯೂ ಆಯಿತು. ಕಣ್ಣಿಗೆ ಬಿದ್ದದ್ದನ್ನು ಬರೆದಿಟ್ಟರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನೀರು ಬದಲಾದಂತೆ ಅತಿಥಿಗಳು

ಹೊಳೆಯ ಆ ದಂಡೆಯ ಮತ್ತು ಈ ದಂಡೆಯ ಇತಿಹಾಸವನ್ನು ಹಕ್ಕಿಯ ಕಣ್ಣಿನಿಂದ ನೋಡಿದರೆ ಮುಖ್ಯವಾಗಿ ಕಾಣುವುದು ನೀರು ಮತ್ತು ಬೆಳೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರ ಈ ಭಾಗದ ಹಿರಿಯ ಜಲರಾಶಿ. ರಾಜಕುಮಾರಿ ಶಾಂತವ್ವ ವೇಶ್ಯೆಯರಿಂದ ಜಾಗ ಪಡೆದು ಕಟ್ಟಿಸಿದಳೆಂದೂ ಅದರಿಂದಲೇ ಈ ಹೆಸರು ಬಂತೆಂದೂ ಜನಜನಿತ ಕಥೆ ಹೇಳುತ್ತದೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಏರಿ ಹಾಕಿದ್ದರಿಂದ ಉಂಟಾದ ಕೆರೆಯಿದು. ಇಲ್ಲಿಂದ ಹೊರಟ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಬಯಲುಸೀಮೆಯ ರೈತರು ನೀರಿಗಾಗಿ ಕಟ್ಟಿಕೊಂಡ ಇಂಥ ಕೆರೆಗಳು ತಮಗೆ ಅರಿವಿಲ್ಲದೆಯೇ ಹಿಮಾಲಯದಾಚೆಯ ಬಾತುಗಳಿಗೂ ನೆಲೆಯಾದವು. ಸೂಜಿಯಂಥ ಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಬಾತು, ಬಿಳಿಹುಬ್ಬಿನ ಬಾತು ಇವೆಲ್ಲ ತೆರೆದ ನೀರು, ತೆಳುನೀರಿನ ಅಂಚು, ಕಳೆಬೀಜ ಇರುವಲ್ಲಿಗೆ ಬರುವ ಹಕ್ಕಿಗಳು. ಕೊಂಡಜ್ಜಿ ಕೆರೆ, ಬಾತಿ ಕೆರೆ, ದೇವರಬೆಳಕೆರೆಯ ಪಿಕಪ್ ಜಲಾಶಯ, ದಾವಣಗೆರೆ ನಗರಕ್ಕೆ ಕುಡಿಯುವ ನೀರು ಕೊಡುವ ಕುಂದುವಾಡ ಕೆರೆ ಇವೆಲ್ಲ ಅದೇ ಸರಪಳಿಯ ಕೊಂಡಿಗಳು.

ಕೆರೆಯಿಂದಾಚೆಗೆ ಒಣಭೂಮಿ. ಭದ್ರಾ ಜಲಾಶಯದ ನಾಲೆಗಳು 1960ರ ದಶಕದಲ್ಲಿ ನೀರು ತರುವ ಮುನ್ನ ಇಲ್ಲಿನ ಹೊಲಗಳಲ್ಲಿ ಜೋಳ, ಹತ್ತಿಯದೇ ಮೇಲುಗೈ. ದಾವಣಗೆರೆ ಹತ್ತಿ ಗಿರಣಿಗಳ ಊರಾದದ್ದು ಸುಮ್ಮನೆಯಲ್ಲ. ಜೋಳದ ತೆನೆ ಹಾಲು ತುಂಬುವ ಕಾಲಕ್ಕೆ ದಖ್ಖನಿನ ಹೊಲಗಳ ಮೇಲೆ ಮೋಡದಂತೆ ಎರಗುತ್ತಿದ್ದುದು ಗುಲಾಬಿ ಕಬ್ಬಕ್ಕಿ. ಇದು ಮರಿ ಮಾಡುವುದು ಮಧ್ಯ ಏಷ್ಯಾ ಮತ್ತು ಪೂರ್ವ ಯುರೋಪಿನ ಹುಲ್ಲುಬಯಲುಗಳಲ್ಲಿ. ಅಲ್ಲಿ ಮಿಡತೆ ತಿಂದು ರೈತನ ಮಿತ್ರನೆನಿಸಿಕೊಂಡ ಹಕ್ಕಿ ಇಲ್ಲಿ ಕವಣೆಕಲ್ಲಿಗೆ ಗುರಿಯಾಗುತ್ತಿತ್ತು. ಅಟ್ಟಣೆ ಏರಿ ಹಕ್ಕಿ ಕಾಯುವ ಕೆಲಸ ಆಗ ಹಳ್ಳಿಯ ಹುಡುಗರ ಚಳಿಗಾಲದ ಕಸುಬಾಗಿತ್ತು. ನಾಲೆ ಬಂದು ಭತ್ತ ಹಬ್ಬಿದ ಮೇಲೆ ಕವಣೆ ಮೂಲೆ ಸೇರಿತು. ಜೋಳದ ಹಕ್ಕಿಗೆ ಹೊಲ ಕಡಿಮೆಯಾಯಿತು, ಕೆಸರಿನ ಹಕ್ಕಿಗೆ ಗದ್ದೆ ದೊರೆಯಿತು. ಕಡರನಾಯಕನಹಳ್ಳಿಯ ಬದುವಿನ ಮೇಲೆ ಇಂದು ಬಾಲ ಕುಣಿಸುವ ಸಿಪಿಲೆಯ ಹಿಂದೆ ಇಷ್ಟು ಕಥೆಯಿದೆ.

ಎದುರು ದಂಡೆಯಲ್ಲಿ ನಡೆದದ್ದು ಇನ್ನೂ ಗಂಭೀರ. ರಾಣೆಬೆನ್ನೂರಿನ ಹುಲ್ಲುಬಯಲು ಕೃಷ್ಣಮೃಗಗಳಿಗೂ ಎರೆಭೂತ ಎಂಬ ಭಾರಿ ಹಕ್ಕಿಗೂ ಹೆಸರಾಗಿತ್ತು. ಇವೆರಡನ್ನೂ ಉಳಿಸುವ ಉದ್ದೇಶದಿಂದ 1974ರಲ್ಲಿ 119 ಚದರ ಕಿ.ಮೀ. ಪ್ರದೇಶ ಅಭಯಾರಣ್ಯವಾಯಿತು. ಆದರೆ ಬಯಲಿನ ಬಹುಭಾಗದಲ್ಲಿ ನೀಲಗಿರಿ ತೋಪುಗಳು ಎದ್ದಿದ್ದವು. ಬರಡು ನೆಲಕ್ಕೆ ಹಸಿರು ಹೊದಿಸಿದೆವು ಎಂದು ಮನುಷ್ಯರು ಭಾವಿಸಿದರೆ ಎರೆಭೂತಕ್ಕೆ ಅದು ಮನೆ ಕಳೆದುಕೊಂಡಂತೆ. ದೂರದವರೆಗೆ ಕಣ್ಣು ಹಾಯುವ ಬಯಲಿದ್ದರೆ ಮಾತ್ರ ಬದುಕುವ ಹಕ್ಕಿಯದು. ಕೃಷ್ಣಮೃಗ ಉಳಿಯಿತು, ಎರೆಭೂತ ಕ್ರಮೇಣ ಕಾಣದಾಯಿತು. ಇಡೀ ದೇಶದಲ್ಲಿ ಅದರ ಸಂಖ್ಯೆ ಈಗ 150ರ ಆಸುಪಾಸು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಎರೆಭೂತ ವಲಸೆ ಬರುವ ಅತಿಥಿಯಲ್ಲ, ನಾಡಿನದೇ ಹಕ್ಕಿ. ಆದರೆ ಹಿಮದ ನಾಡಿನಿಂದ ಚಳಿಗಾಲಕ್ಕೆ ಬಂದು ಹುಲ್ಲಿನ ಮೇಲೆ ತೇಲುತ್ತ ಬೇಟೆಯಾಡುವ ಸೆಳೆವ ಎಂಬ ಗಿಡುಗಗಳಿಗೂ ಬೇಕಾದದ್ದು ಅದೇ ಬಯಲು.

ರಾಣೆಬೆನ್ನೂರಿನಲ್ಲಿ ಎರೆಭೂತ ಇತ್ತು ಎಂದು ಇಂದು ಖಚಿತವಾಗಿ ಹೇಳಲು ಸಾಧ್ಯವಾಗುವುದು ಯಾರೋ ಅದನ್ನು ನೋಡಿ ಬರೆದಿಟ್ಟದ್ದರಿಂದ. ಬರೆಯದೆ ಹೋದ ಹಕ್ಕಿಗಳು ಎಷ್ಟೋ! ಅವು ಕಳೆದುಹೋದವೆಂದು ಕೊರಗಲೂ ಯಾರಿಗೂ ಆಧಾರವಿಲ್ಲ.

ಒಂದು ದ್ವೀಪದ ದಿನಚರಿ

ಬರೆದಿಡುವ ಈ ಅಭ್ಯಾಸಕ್ಕೆ ಸ್ಕಾಟ್ಲೆಂಡಿನ ಫೇರ್ ಐಲ್ ಎಂಬ ದ್ವೀಪ ಹೆಸರುವಾಸಿ. ಸುಮಾರು 5 ಕಿ.ಮೀ. ಉದ್ದದ ಈ ಪುಟ್ಟ ದ್ವೀಪ ಉತ್ತರ ಸಮುದ್ರದ ಮೇಲೆ ಹಾರುವ ಹಕ್ಕಿಗಳಿಗೆ ತಂಗುದಾಣ. ಎರಡನೆಯ ಮಹಾಯುದ್ಧದಲ್ಲಿ 1941ರಲ್ಲಿ ಕ್ರೀಟ್ ದ್ವೀಪದಲ್ಲಿ ಸೆರೆಸಿಕ್ಕ ಜಾರ್ಜ್ ವಾಟರ್‌ಸ್ಟನ್ ಎಂಬ ಸ್ಕಾಟಿಷ್ ಯೋಧ ಜರ್ಮನರ ಯುದ್ಧಕೈದಿ ಶಿಬಿರದಲ್ಲಿ ಕುಳಿತು, ಈ ದ್ವೀಪದಲ್ಲಿ ಪಕ್ಷಿವೀಕ್ಷಣಾಲಯ ಕಟ್ಟುವ ಯೋಜನೆ ಹಾಕಿದ. ಬಿಡುಗಡೆಯಾಗಿ ಬಂದವನು ದ್ವೀಪವನ್ನೇ ಕೊಂಡ. 1948ರಲ್ಲಿ ನೌಕಾಪಡೆಯ ಹಳೆಯ ಗುಡಿಸಲುಗಳಲ್ಲಿ ವೀಕ್ಷಣಾಲಯ ಆರಂಭವಾಯಿತು. ಪ್ರತಿ ಸಂಜೆ ಎಲ್ಲರೂ ಸೇರಿ ಒಂದೊಂದೇ ಹಕ್ಕಿಯ ಹೆಸರು ಕರೆದು, ಯಾರಿಗೆ ಎಷ್ಟು ಕಂಡವು ಎಂದು ಕೇಳಿ ದಿನಚರಿಯಲ್ಲಿ ದಾಖಲಿಸುವುದು ಅಲ್ಲಿನ ಸಂಪ್ರದಾಯ. ಶಾಲೆಯಲ್ಲಿ ಹಾಜರಿ ಕರೆದಂತೆಯೇ! ಏನೂ ಕಾಣದ ದಿನವೂ ಅಲ್ಲಿ ದಾಖಲೆಯೇ. ಸೊನ್ನೆಯನ್ನೂ ಬರೆದಿಟ್ಟಾಗಲೇ ಮುಂದೊಂದು ದಿನ ಏರಿಳಿತ ತಿಳಿಯುವುದು. ನಮ್ಮ ಕೆರೆಗಳಿಗೆ ಅಂಥ ದಿನಚರಿಯ ಭಾಗ್ಯ ವಿರಳ.

ಸ್ಕಾಟ್ಲೆಂಡಿನದೇ ಇನ್ನೊಂದು ದ್ವೀಪ ಐಲಾ. ಗ್ರೀನ್‌ಲೆಂಡಿನಿಂದ ಚಳಿಗಾಲ ಕಳೆಯಲು ಬರುವ ಸಾವಿರಾರು ಹೆಬ್ಬಾತುಗಳು ಅಲ್ಲಿನ ರೈತರ ಹುಲ್ಲುಗಾವಲು ಮೇಯುತ್ತವೆ. ನಷ್ಟಕ್ಕೆ ಪರಿಹಾರ ನೀಡುವ ಯೋಜನೆ 1990ರ ದಶಕದಿಂದ ಜಾರಿಯಲ್ಲಿದ್ದರೂ ಹಕ್ಕಿಯ ಪರ, ರೈತನ ಪರ ವಾಗ್ವಾದ ನಿಂತಿಲ್ಲ. ಎಷ್ಟು ಹಕ್ಕಿ, ಎಷ್ಟು ಮೇವು ಎಂಬ ಎಣಿಕೆಯೇ ಆ ವಾದಕ್ಕೆ ಆಧಾರ.

ಹರಿಹರದಿಂದ ಉತ್ತರಕ್ಕೆ, ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಇಂಥದೇ ಸನ್ನಿವೇಶ. ಸುಮಾರು 50 ಹೆಕ್ಟೇರಿನ ಆ ಕೆರೆ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದಕ್ಷಿಣ ಭಾರತದ ದೊಡ್ಡ ತಾಣಗಳಲ್ಲೊಂದು. ಹಗಲು ಕೆರೆಯಲ್ಲಿ ತಂಗುವ ಬಾತುಗಳು ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಬೆಳೆ ಕಳೆದುಕೊಂಡೂ ಅವುಗಳಿಗೆ ಕಲ್ಲೆಸೆಯದ ಊರವರ ಸಹನೆಯೇ ಆ ಕೆರೆಯ ನಿಜವಾದ ಬೇಲಿ. ಮಾಗಡಿ ಕೆರೆಯೂ ಹಗರಿಬೊಮ್ಮನಹಳ್ಳಿ ಸಮೀಪದ ಅಂಕಸಮುದ್ರವೂ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ಈ ಮನ್ನಣೆಗೂ ಬೇಕಾದದ್ದು ಹಕ್ಕಿಗಳ ಎಣಿಕೆಯೇ.

ಎಣಿಸುವವರು ಬೇಕು

ಎಣಿಕೆಗೆ ಈಗ ಹಲವು ದಾರಿಗಳಿವೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಲ್ಲಿ ಆರಂಭವಾಯಿತು. ಪ್ರತಿವರ್ಷ ಜನವರಿಯಲ್ಲಿ ಸ್ವಯಂಸೇವಕರು ಕೆರೆಗಳಿಗೆ ಹೋಗಿ ಎಣಿಸುತ್ತಾರೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬಗ್ಗೆ ಬರೆದ ಪುಸ್ತಕಗಳು ಎಷ್ಟೋ ಓದುಗರ ಕೈಗೆ ದುರ್ಬೀನು ಹಿಡಿಸಿದವು. ಈಗ ಮೊಬೈಲ್ ಫೋನಿನಲ್ಲಿಯೇ ಪಟ್ಟಿ ದಾಖಲಿಸಬಹುದು. ಹೀಗೆ 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ಕೊಟ್ಟ 3 ಕೋಟಿಗೂ ಮಿಕ್ಕ ದಾಖಲೆಗಳನ್ನು ಆಧರಿಸಿ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಹೊರಬಂತು. 942 ಜಾತಿಗಳನ್ನು ಪರಿಶೀಲಿಸಿದ ಅದು 178 ಜಾತಿಗಳ ಬಗ್ಗೆ ಹೆಚ್ಚಿನ ಕಾಳಜಿ ಅಗತ್ಯವೆಂದಿತು. ಬಹುದೂರದಿಂದ ವಲಸೆ ಬರುವ ಹಕ್ಕಿಗಳಿಗೆ ಹೆಚ್ಚು ಪೆಟ್ಟು ಬಿದ್ದಿದೆ. ನಮ್ಮ ಕೆರೆಗಳಿಗೆ ಬರುವ ಸಲಿಕೆಕೊಕ್ಕಿನ ಬಾತು ಕೂಡ ಇಳಿಮುಖವಾದ ಪಟ್ಟಿಯಲ್ಲಿದೆ.

ಕಾರಣಗಳನ್ನು ದೂರದ ಸೈಬೀರಿಯಾದಲ್ಲಿ ಮಾತ್ರ ಹುಡುಕಿದರೆ ಸಾಲದು. ಕೆರೆಯಂಗಳದ ಒತ್ತುವರಿ, ಊರಿನ ಕೊಳಚೆಯಿಂದ ಹಬ್ಬುವ ಜಲಕಳೆ, ಗದ್ದೆಗೆ ಸುರಿಯುವ ಕೀಟನಾಶಕ, ಕೆರೆಯ ಅಂಚಿಗೆಲ್ಲ ಕಲ್ಲು ಕಟ್ಟಿ ‘ಸುಂದರ’ಗೊಳಿಸುವ ಉತ್ಸಾಹ ಇವೆಲ್ಲ ಇಲ್ಲಿಯವೇ. ಬಾತು ತೇಲುವುದಕ್ಕೆ ಆಳದ ನೀರು ಸಾಕು. ಆದರೆ ಗೊರವಕ್ಕೆ ಬೇಕಾದದ್ದು ಬೆರಳುದ್ದದ ನೀರು, ಮೆತ್ತನೆಯ ಕೆಸರು. ಕಲ್ಲು ಕಟ್ಟಿದ ದಡದಲ್ಲಿ ಅದಕ್ಕೆ ತುತ್ತು ಸಿಗದು. ಸೂಳೆಕೆರೆಯ ಗಡಿ ಅಳೆದು ಒತ್ತುವರಿ ತೆರವುಗೊಳಿಸಬೇಕೆಂದು ಸ್ಥಳೀಯರು ಹೋರಾಡಿದ್ದು ನೀರಿಗಾಗಿ. ಅದರಲ್ಲಿ ಹಕ್ಕಿಯ ಪಾಲೂ ಇದೆ.

ಇಂಥ ಕೆರೆಯೊಂದರ ಪರವಾಗಿ ವಾದಿಸಬೇಕಾದಾಗ ‘ಇಲ್ಲಿಗೆ ಬಹಳ ಹಕ್ಕಿ ಬರುತ್ತಿದ್ದವು’ ಎಂಬ ಮಾತಿಗೆ ಬೆಲೆ ಕಡಿಮೆ. ‘ಇಂಥ ವರ್ಷ, ಇಂಥ ದಿನ, ಇಷ್ಟು ಬಂದಿದ್ದವು’ ಎಂಬ ಸಾಲಿಗೆ ಕಚೇರಿಯಲ್ಲೂ ನ್ಯಾಯಾಲಯದಲ್ಲೂ ತೂಕವಿದೆ. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಕೆರೆಯ ಪಕ್ಕದ ಶಾಲೆಯೊಂದು ನಾಲ್ಕಾಣೆ ಖರ್ಚಿಲ್ಲದೆ ಇದನ್ನು ಮಾಡಬಹುದು. ವಾರಕ್ಕೊಂದು ಬೆಳಿಗ್ಗೆ, ಒಂದೇ ಜಾಗ, ಒಂದು ಗಂಟೆ. ತಾರೀಖು, ಹಕ್ಕಿಯ ಹೆಸರು, ಸಂಖ್ಯೆ. ಹೆಸರು ತಿಳಿಯದಿದ್ದರೆ ಬಣ್ಣ, ಕೊಕ್ಕು, ಕಾಲಿನ ವಿವರ. ಏನೂ ಕಾಣದಿದ್ದರೆ ಒಂದು ಸೊನ್ನೆ.

ಮಾರ್ಚ್ ಬಂತೆಂದರೆ ಗದ್ದೆಯ ಬದುವಿನ ಸಿಪಿಲೆಗಳ ಎದೆ, ಹೊಟ್ಟೆಯ ಹಳದಿ ಗಾಢವಾಗತೊಡಗುತ್ತದೆ. ಅದು ಪಯಣದ ಸೂಚನೆ. ಕೆಲವೇ ವಾರಗಳಲ್ಲಿ ಅವು ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೊರಡುತ್ತವೆ. ಯಾರಿಗೂ ಹೇಳಿ ಹೋಗುವುದಿಲ್ಲ. ಮುಂದಿನ ಚಳಿಗೆ ಎಷ್ಟು ಮರಳಿದವು ಎಂದು ತಿಳಿಯಬೇಕಾದರೆ ಈ ಸಲ ಎಷ್ಟಿದ್ದವು ಎಂಬುದನ್ನು ಹೊರಡುವ ಮುನ್ನವೇ ಬರೆದಿಟ್ಟುಕೊಂಡಿರಬೇಕು.